ಟಾಕಿ ತುಂಬಿದರೆ ಎರಡು ಸಾವಿರ ಕಿಲೋ

ನಮ್ಮ ಮನೆಯಲ್ಲಿ ಜಗಳ ಹತ್ತಿದ್ದು ಸಂಡಾಸಿನ ಸಲುವಾಗಿ. ಹೇಳಿಕೊಳ್ಳುವಂಥ ಮಾತಲ್ಲ, ಆದರೆ ಹೇಳಲೇಬೇಕು. ಹೇಳದೆ ಬಾಯಿ ಮುಚ್ಚಿಕೊಂಡು ಕೂತದ್ದಕ್ಕೇ ಇಷ್ಟೆಲ್ಲ ಆದದ್ದು.

ಗಾಜಿಪುರದ ಓಣಿಯಲ್ಲಿ ನಮ್ಮದು ನಾಲ್ಕು ಖೋಲಿಯ ಮನೆ. ಮುಂದಿನ ಖೋಲಿಯಲ್ಲಿ ನನ್ನ ಹೆಂಡತಿ ಶೀಲಾಳ ಬ್ಯೂಟಿ ಪಾರ್ಲರ್. ಅಪ್ಪ ಮಲ್ಲಣ್ಣ ಮೂವತ್ತೊಂದು ವರ್ಷ ಸರ್ಕಾರಿ ಬಸ್ಸು ಓಡಿಸಿ ನಿವೃತ್ತರಾದವರು. ಒಂದೂ ಅಪಘಾತ ಮಾಡಲಿಲ್ಲವೆಂದು ಇಲಾಖೆ ಕೊಟ್ಟ ಬೆಳ್ಳಿ ಪದಕ ಪಡಸಾಲೆಯ ಗೋಡೆಯ ಮೇಲೆ, ಬಸವಣ್ಣನವರ ಫೋಟೋಕ್ಕಿಂತ ಒಂದು ಗೇಣು ಕೆಳಗೆ ತೂಗುತ್ತದೆ. ಅಡುಗೆಮನೆ ಅವ್ವ ಕಸ್ತೂರಿಬಾಯಿಯದು. ನಾನು ವಿವೇಕಾನಂದ, ಪಿಯು ಕಾಲೇಜಿನಲ್ಲಿ ಗುಮಾಸ್ತ. ‘ಮಲ್ಲಣ್ಣನ ಮಗ ಅಪ್ಪನ ಮಾತಿಗೆ ಎಂದೂ ಎದುರಾಡಿದವನಲ್ಲ’ ಎಂದು ಓಣಿಯಲ್ಲಿ ನನಗೆ ಭಾರಿ ಒಳ್ಳೆಯ ಹೆಸರು. ಆ ಹೆಸರಿಗೆ ಬೆಂಕಿ ಹಚ್ಚಬೇಕು.

ಶೀಲಾ ಮದುಮಗಳಿಗೆ ಶೃಂಗಾರ ಮಾಡಲು ಊರೂರಿಗೆ ಹೋಗುವವಳು. ಈಗ ಹೊಲದ ಪ್ಲಾಟಿನಲ್ಲಿ ಶಾಮಿಯಾನ ಹೊಡೆದು ಮದುವೆ ಮಾಡುತ್ತಾರಲ್ಲ, ಅಲ್ಲಿ ಲೈಟು, ಡಿಜೆ, ಐಸ್‌ಕ್ರೀಮ್ ಎಲ್ಲ ಇರುತ್ತದೆ; ಹೆಂಗಸರಿಗೆ ಒಂದು ಸಂಡಾಸ ಇರುವುದಿಲ್ಲ. ಮದುಮಗಳು ಗೊಬ್ಬರದ ಚೀಲಗಳ ನಡುವೆ ಸೀರೆ ಉಡಬೇಕು. ನೀರು ಕುಡಿದರೆ ಹೋಗಬೇಕಾಗುತ್ತದೆಂದು ಬೆಳಗಿನಿಂದ ಒಂದು ಗುಟುಕೂ ಕುಡಿಯದೆ ಇದ್ದ ಹುಡುಗಿಯೊಬ್ಬಳು ಅಕ್ಷತೆಯ ಹೊತ್ತಿಗೆ ತಲೆ ತಿರುಗಿ ಬಿದ್ದಳಂತೆ. ಅಂದು ಮನೆಗೆ ಬಂದು ಶೀಲಾ ಬ್ಯಾಗು ಇಳಿಸದೆಯೇ ಹೇಳಿದಳು:

“ಗಾಲಿ ಮ್ಯಾಲ ಒಂದು ಖೋಲಿ ಮಾಡಿಸ್ತೀನ್ರಿ. ಎರಡು ಹಾಸಿಗಿ, ಒಂದು ದೊಡ್ಡ ಕನ್ನಡಿ, ಒಂದು ಬಚ್ಚಲ, ಒಂದು ಸಂಡಾಸ. ಮದುವಿ ಎಲ್ಲದೋ ಅಲ್ಲಿಗಿ ಎಳಕೊಂಡು ಹೋಗೋದು.”

ಅಪ್ಪ ಬಾಯಿಯವರೆಗೆ ಒಯ್ದ ತುತ್ತನ್ನು ತಾಟಿಗೆ ಇಳಿಸಿದರು.

“ಸಂಡಾಸ ಡಬ್ಬಿ ಬಾಡಿಗಿ ಕೊಡೋರು ಅಂತ ಆಗ್ತದಲ್ಲ ನಮ್ಮ ಮನಿತನದ ಹೆಸರು?”

“ಆಗಲಿ ಬಿಡ್ರಿ ಮಾವಾ. ಹೆಸರಿಗೇನು ವಾಸನಿ ಬರಂಗಿಲ್ಲ.”

“ಶೀಲಾ, ಉಣ್ಣಾಗ ಆ ಮಾತು ಬ್ಯಾಡವ್ವ,” ಎಂದಳು ಅವ್ವ. ಆಮೇಲೆ ಪಲ್ಯ ಬಡಿಸುತ್ತ, ಯಾರ ಕಡೆಗೂ ನೋಡದೆ, “ನಾನೂ ಮದುವ್ಯಾಗ ನೀರು ಕುಡೀದಿಲ್ಲ. ಐವತ್ತು ವರ್ಷ ಆತು,” ಎಂದಳು.

ಅಪ್ಪ ಇಳಿಸಿದ ತುತ್ತನ್ನು ಮತ್ತೆ ಎತ್ತಿಕೊಂಡರು. ನಾನಂತೂ ಮೊದಲೇ ಮಾತಾಡುವವನಲ್ಲ. ಆದರೆ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಈ ಸುದ್ದಿ ಗೊತ್ತಾದರೆ ಏನು ಗತಿ ಎಂದು ಒಳಗೊಳಗೇ ಹೆದರಿದೆ, ಅದನ್ನು ಬಚ್ಚಿಡುವುದಿಲ್ಲ.

ಮೋಮಿನಪುರದಲ್ಲಿ ಹಮೀದ್ ಎಂಬುವವನದು ವೆಲ್ಡಿಂಗ್ ಅಂಗಡಿ. ಟ್ರ್ಯಾಕ್ಟರ್ ಟ್ರಾಲಿ, ನೀರಿನ ಟ್ಯಾಂಕರ್ ಕಟ್ಟುವುದರಲ್ಲಿ ಅವನದು ಪಳಗಿದ ಕೈ. ಶೀಲಾ ತನ್ನ ಐದು ವರ್ಷದ ಗಳಿಕೆಯನ್ನು ಅವನ ಅಂಗಡಿಯಲ್ಲಿ ಸುರಿದಳು. ಎಂಟು ತಿಂಗಳಲ್ಲಿ ಗಾಡಿಮನೆ ಎದ್ದು ನಿಂತಿತು. ಹಾಲಿನ ಬಣ್ಣ, ಕಿಟಕಿಗೆ ಗುಲಾಬಿ ಪರದೆ, ನೆಲದಡಿ ಕೊಳೆ ನೀರಿಗೊಂದು ಟಾಕಿ, ಮೇಲೆ ಒಳ್ಳೆಯ ನೀರಿಗೆ ಒಂಬತ್ತುನೂರು ಲೀಟರಿನ ಟಾಕಿ. ಹಮೀದನ ಹೆಂಡತಿ ನಜ್ಮಾ ತಾನೇ ಪರದೆ ಹೊಲಿದುಕೊಟ್ಟಳು. ಮೊದಲ ಕೆಲಸವೂ ಒಪ್ಪಿಗೆಯಾಯಿತು. ಕಮಲಾಪುರದ ಬಾಳೆತೋಟದ ಅಮರನಾಥರ ಕಿರಿಮಗಳ ಮದುವೆ, ತೋಟದ ಪಕ್ಕದ ಬಯಲಿನಲ್ಲಿ.

ಉಳಿದದ್ದು ಒಂದೇ: ಇದನ್ನು ಎಳೆಯುವ ಪಿಕಪ್.

“ಮಾವಾ, ಗಾಡಿ ನೀವ ಆರಿಸಬೇಕ್ರಿ. ಎಂಜಿನ್ ವಿಷಯ ನಿಮಗಿಂತ ಗೊತ್ತಿದ್ದೋರು ಈ ಓಣ್ಯಾಗ ಯಾರದಾರ?” ಎಂದಳು ಶೀಲಾ. ಜಾಣೆ ಅವಳು. ಸಂಡಾಸ ಡಬ್ಬಿ ಅಂದ ಬಾಯಿಗೆ ಒಂದು ಗೌರವದ ಕೆಲಸ ಕೊಟ್ಟಳು. ಅಪ್ಪ ಅಂದಿನಿಂದ ಬದಲಾದರು. ಬೆಳಿಗ್ಗೆ ಎದ್ದು ಇಸ್ತ್ರಿ ಅಂಗಿ ಹಾಕಿಕೊಂಡು ಹುಮನಾಬಾದ ರಸ್ತೆಯ ಹಳೆ ಗಾಡಿಗಳ ಅಂಗಡಿಗಳನ್ನು ಸುತ್ತಿದರು. ಬಾನೆಟ್ ಎತ್ತಿಸಿ, ಕಿವಿ ಕೊಟ್ಟು ಕೇಳಿ, “ಇದರ ಎದಿಯಾಗ ಕಫ ಅದ” ಎಂದು ಬಿಟ್ಟು ಬರುವರು. ಮನೆಯಲ್ಲಿ ಊಟದ ಹೊತ್ತಿಗೆ ಸಿಸಿ, ಗೇರು, ಕ್ಲಚ್ಚು ಇವೇ ಮಾತು.

“ಡೀಸೆಲ್ ತಗೊಂಡ್ರ ಚಲೋ ಅಂತಾರ ಹಮೀದಭಾಯಿ,” ಎಂದಳು ಶೀಲಾ.

“ಹಮೀದ್ ಬೆಸಿಗಿ ಹಾಕೋನು. ಎಂಜಿನ್ ಅವನಿಗೇನು ಗೊತ್ತು? ಅರವತ್ತು ಮಂದೀನ ಕೂಡಿಸಿಕೊಂಡು ಘಾಟ್ ಹತ್ತಿಸೀನಿ ನಾನು. ಎಳಿಯೋದು ಎಂಜಿನ್ ಅಲ್ಲವ್ವ, ಡ್ರೈವರನ ಕಾಲು.”

ಒಂದು ಗುರುವಾರ ಅಪ್ಪ ನನ್ನನ್ನು ಮೋಮಿನಪುರಕ್ಕೆ ಕರೆದೊಯ್ದರು. ಹಮೀದ್ ಚಹಾ ತರಿಸಿದ. ಗಾಡಿಮನೆಯನ್ನು ಲಾರಿ ತೂಗುವ ಕಾಟಾಕ್ಕೆ ಒಯ್ದು ತೂಗಿಸಿದ್ದ. ಒಂದು ಸಿಗರೇಟ್ ಪಾಕೀಟಿನ ಒಳಮೈಗೆ ಪೆನ್ಸಿಲಿನಲ್ಲಿ ಬರೆದು ಅಪ್ಪನ ಕೈಗೆ ಕೊಟ್ಟ.

“ನೋಡ್ರಿ ಚಾಚಾ. ಖಾಲಿ ಸಾವಿರದ ನೂರು ಕಿಲೋ. ಟಾಕಿ ತುಂಬಿದ್ರ ಎರಡು ಸಾವಿರ. ಎರಡೂವರಿ ಸಾವಿರ ಸಿಸಿ ಡೀಸೆಲ್‌ಕಿಂತ ಕಮ್ಮಿ ಬಿಲ್‌ಕುಲ್ ಬ್ಯಾಡ. ಪೆಟ್ರೋಲ್ ಕುದುರಿ ಇದ್ದಂಗ, ಓಡ್ತದ. ಡೀಸೆಲ್ ಎತ್ತು, ಎಳೀತದ. ಇನ್ನೊಂದು ಮಾತು, ಹಿಂದಿನ ಡಬ್ಬಿ ಮುಂದಿನ ಗಾಡಿಗಿಂತ ಭಾರ ಆಗಬಾರದು. ಎಳಿಯೋದು ಹ್ಯಾಂಗರ ಆಗ್ತದ. ನಿಲ್ಲಸೋದು ಆಗಂಗಿಲ್ಲ.”

ಅಪ್ಪ ಚೀಟಿ ನೋಡಿದರು. ಮುಖದ ಬಣ್ಣ ಬದಲಾಯಿತು. ಹೊರಗೆ ಬಂದ ಮೇಲೆ ನನಗೆ ಹೇಳಿದರು:

“ಮೊನ್ನೆನ ಗಾಡಿಗಿ ಇಸಾರದ ರೊಕ್ಕ ಕೊಟ್ಟು ಬಂದೀನೋ.”

“ಯಾರಿಗಿ?”

“ಚಂದ್ರಾಮಪ್ಪಗ. ಸ್ಟೇಶನ್ ಬಜಾರದಾಗ ಚಹಾ ಕುಡಿಯಾಕ ಕುಂತಾಗ. ಅವನ ಸಣ್ಣ ಪಿಕಪ್, ಪೆಟ್ರೋಲು. ಹನ್ನೆರಡು ನೂರು ಸಿಸಿ. ಕೈ ಮ್ಯಾಲ ಕೈ ಇಟ್ಟು ಮಾತು ಕೊಟ್ಟೀನಿ.”

ಚಂದ್ರಾಮಪ್ಪ ಅಪ್ಪನ ಬಸ್ಸಿನಲ್ಲಿ ಹನ್ನೊಂದು ವರ್ಷ ಕಂಡಕ್ಟರ್ ಆಗಿದ್ದವರು. ನಿವೃತ್ತಿಯಾದ ಮೇಲೆ ಅದೇ ಪಿಕಪ್ಪಿನಲ್ಲಿ ಕಮಲಾಪುರದಿಂದ ಕೆಂಪು ಬಾಳೆಗೊನೆ ತಂದು ಮಾರುತ್ತಿದ್ದರು. ಈಗ ಮೊಣಕಾಲು ಕೇಳುವುದಿಲ್ಲವೆಂದು ಮಾರಲು ನಿಂತಿದ್ದರು.

“ಇಸಾರ ವಾಪಸ್ ತಗೊಂಡ್ರ ಆತಲ್ಲಪ್ಪಾ,” ಎಂದೆ.

“ಮತ್ತ ಯಾರಿಂದರೆ ತಗೋಬಹುದು, ಅವನಿಂದ ಆಗಂಗಿಲ್ಲ. ನಿನಗ ತಿಳಿಯಂಗಿಲ್ಲ ಬಿಡು.” ಅಪ್ಪ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಲೈಸೆನ್ಸಿನ ಪ್ಲಾಸ್ಟಿಕ್ ಕವರಿನೊಳಗೆ ತುರುಕಿದರು. “ಇದನ್ನ ಮನ್ಯಾಗ ಹೇಳಬ್ಯಾಡ.”

“ಹ್ಞೂ,” ಎಂದೆ.

ಒಂದೇ ಅಕ್ಷರ. ಅಷ್ಟಕ್ಕೆ ಎಷ್ಟು ಬೆಲೆ ತೆರಬೇಕಾಯಿತೆಂದು ಆಮೇಲೆ ಗೊತ್ತಾಯಿತು.

ಸಣ್ಣ ಪಿಕಪ್ ಬಂತು. ಅವ್ವ ತೆಂಗಿನಕಾಯಿ ಒಡೆದಳು. ಅಪ್ಪ ಗಾಡಿಮನೆಯನ್ನು ಕೊಂಡಿಗೆ ಸಿಕ್ಕಿಸಿ ರಿಂಗ್ ರೋಡಿನಲ್ಲಿ ಎರಡು ಸುತ್ತು ಹೊಡೆದರು. ಜುಮ್ಮೆಂದು ಓಡಿತು. “ನೋಡಿದ್ಯೇನವ್ವಾ? ಹೂವಿನಂಗ ಬರ್ತದ!” ಎಂದು ಶೀಲಾಳಿಗೆ ಕೂಗಿ ಹೇಳಿದರು. ಟಾಕಿ ಖಾಲಿ ಇತ್ತು. ಡಿಪೋದಿಂದ ಬಸ್ಸು ಖಾಲಿಯೇ ಹೊರಡುತ್ತದೆ, ಭಾರ ಆಮೇಲೆ ತಾನಾಗಿ ನಡೆದು ಬಂದು ಹತ್ತುತ್ತದೆ. ಮೂವತ್ತೊಂದು ವರ್ಷ ಅದನ್ನೇ ಕಂಡವರು ನೀರಿಗೂ ತೂಕವಿದೆ ಎಂಬುದನ್ನು ಮರೆತರೆಂದು ಹೇಳಿ ಅಪ್ಪನನ್ನು ಉಳಿಸಬಹುದಿತ್ತು. ಆದರೆ ಮರೆತಿರಲಿಲ್ಲ. ಹಮೀದನ ಚೀಟಿ ಕಿಸೆಯಲ್ಲೇ ಇತ್ತು.

ಮದುವೆಯ ದಿನ ಬೆಳಗಿನ ನಾಲ್ಕಕ್ಕೇ ಅವ್ವ ರೊಟ್ಟಿ ಬಡಿದು ಬುತ್ತಿ ಕಟ್ಟಿದಳು. ಶೀಲಾ ಹೇಳಿದಳು: “ರೀ, ಟಾಕಿ ಪೂರಾ ತುಂಬ್ರಿ. ಅಲ್ಲಿ ಬೋರಿಗಿ ಕರೆಂಟ್ ಇರ್ತದೋ ಇಲ್ಲೋ. ಹೆಣ್ಮಕ್ಕಳು ನೀರಿಗಿ ಕಾಯೋದು ಬ್ಯಾಡ.”

ಪೈಪು ಹಿಡಿದವನು ನಾನೇ. ನೀರು ಬೀಳುವ ಸದ್ದು ಸಣ್ಣಗಾಗುತ್ತ ಟಾಕಿ ತುಂಬುತ್ತಿತ್ತು. ಅಪ್ಪ ಅಂಗಳದಲ್ಲಿ ನಿಂತು ನನ್ನನ್ನು ನೋಡಿದರು, ನಾನು ಅಪ್ಪನನ್ನು ನೋಡಿದೆ. ‘ಅರ್ಧ ಸಾಕು’ ಎನ್ನಬೇಕಿತ್ತು. ಅಂದಿದ್ದರೆ ಶೀಲಾ ಯಾಕೆ ಎಂದು ಕೇಳುತ್ತಿದ್ದಳು. ನಾನು ತುಂಬ ತುಂಬಿಸಿದೆ.

ಅಪ್ಪ ಓಡಿಸಿದರು, ಶೀಲಾ ಮತ್ತು ನಾನು ಪಕ್ಕದಲ್ಲಿ ಕೂತೆವು. ಮಹಾಗಾಂವ ಕ್ರಾಸಿನವರೆಗೆ ಗಾಡಿ ಹೇಗೋ ಬಂತು. ಕಮಲಾಪುರ ಇನ್ನು ನಾಲ್ಕು ಕಿಲೋಮೀಟರ್ ಇರುವಾಗ ಒಂದು ಏರು. ಅಪ್ಪ ಎರಡನೇ ಗೇರಿಗೆ ಇಳಿಸಿದರು, ಒಂದಕ್ಕೆ ಇಳಿಸಿದರು. ಎಂಜಿನ್ ಅರಚಿತು. ಕ್ಲಚ್ಚು ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಗಾಡಿ ನಿಂತಿತು, ನಿಂತದ್ದು ಹಿಂದಕ್ಕೆ ಸರಿಯತೊಡಗಿತು.

“ಇಳಿ! ಗಾಲಿಗಿ ಕಲ್ಲು ಕೊಡು!” ಎಂದು ಅಪ್ಪ ಕೂಗಿದರು.

ನಾನು ಕಲ್ಲು ಹುಡುಕುವುದರೊಳಗೆ ಗಾಡಿಮನೆ ಓರೆಯಾಗಿ, ಪಿಕಪ್ಪನ್ನೂ ಎಳೆದುಕೊಂಡು ರಸ್ತೆ ಪಕ್ಕದ ತಗ್ಗಿಗೆ ಇಳಿಯಿತು; ಬಿದ್ದ ರಭಸಕ್ಕೆ ಕೊಂಡಿ ಕಳಚಿತು. ಯಾರಿಗೂ ಪೆಟ್ಟಾಗಲಿಲ್ಲ, ಶಿವ ಕಾಪಾಡಿದ. ಆದರೆ ಟಾಕಿ ಒಡೆದು ಒಂಬತ್ತುನೂರು ಲೀಟರ್ ನೀರು ತೊಗರಿ ಹೊಲಕ್ಕೆ ಹರಿದುಹೋಯಿತು. ಒಳಗೆ ಕನ್ನಡಿ ಚೂರುಚೂರು. ಶೀಲಾ ಅಳಲಿಲ್ಲ. ಮೇಕಪ್ ಪೆಟ್ಟಿಗೆ ಎತ್ತಿಕೊಂಡು, ಯಾರದೋ ಮೋಟರ್‌ಸೈಕಲ್ ನಿಲ್ಲಿಸಿ, ಹಿಂದೆ ಕೂತು ಹೋಗಿಬಿಟ್ಟಳು.

ಅರ್ಧ ಗಂಟೆಗೆ ಮದುವೆ ಮನೆಯ ಅಮರನಾಥರೇ ಜೀಪಿನಲ್ಲಿ ಬಂದರು. “ಏನ್ರೀ ಮಲ್ಲಣ್ಣೋರೆ! ನಿಮ್ಮ ಗಾಡಿ ಬರ್ತದಂತ ನಾವು ಬ್ಯಾರೆ ಏನೂ ವ್ಯವಸ್ಥಾನ ಮಾಡಿಲ್ಲ. ಎರಡು ನೂರು ಹೆಣ್ಮಕ್ಕಳು ಬರೋರದಾರ!”

ಅಪ್ಪ ಎದುರಿಗೆ ನಿಂತಿದ್ದರು. ಕೈ ಲೈಸೆನ್ಸಿದ್ದ ಕಿಸೆಯ ಮೇಲಿತ್ತು. ಹೇಳುತ್ತಾರೆ ಎಂದುಕೊಂಡೆ.

“ಮೋಮಿನಪುರದ ಹಮೀದ ಮಾಡಿದ ಕೊಂಡಿ, ಸಾಹೇಬ್ರ. ಬೆಸಿಗಿ ಬಿಟ್ಟುಬಿಡ್ತು. ಮ್ಯಾಲ ನಾ ಬ್ಯಾಡಂದ್ರೂ ನಮ್ಮ ಸೊಸಿ ಟಾಕಿ ತುಂಬ ನೀರು ತುಂಬಿಸಿದಳು.”

ನಾನು ಪಕ್ಕದಲ್ಲೇ ಇದ್ದೆ. ಅಮರನಾಥರು ನನ್ನ ಕಡೆ ತಿರುಗಿ, “ಹೌದೇನ್ರಿ?” ಎಂದರು. ನಾನು ತಲೆ ಆಡಿಸಿದೆ. ಥೂ, ಆ ತಲೆ ಕಡಿದು ಒಗೆಯಬೇಕಿತ್ತು.

ಸಂಜೆ ಶೀಲಾ ಬಸ್ಸಿನಲ್ಲಿ ಬಂದಳು. ಕಾಲು ತೊಳೆದುಕೊಂಡು ಅಡುಗೆಮನೆಯ ಹೊಸ್ತಿಲ ಮೇಲೆ ಕೂತಳು. ಅವ್ವ ನೀರು ಕೊಟ್ಟಳು. ಕುಡಿದು ಹೇಳತೊಡಗಿದಳು.

“ಮದುಮಗಳ ಅಕ್ಕ ರೇವತಿ ಅಂತದಾಳ್ರಿ ಅತ್ತಿ. ಎಂಟು ತಿಂಗಳ ಬಸರಿ. ಗಾಡಿ ಬರ್ತದ ಬರ್ತದ ಅಂತ ಹನ್ನೆರಡರ ತನಕ ತಡಕೊಂಡು ಕುಂತಿದ್ದಳು. ಕಡೀಗಿ ಆಗಲಿಲ್ಲ. ಬಾಳಿ ತೋಟದ ಬದುವಿಗಿ ಕರಕೊಂಡು ಹೋದೆ. ಒಂದು ಕಡಿ ನಾನು, ಒಂದು ಕಡಿ ಅವಳ ನಡುವಿನ ತಂಗಿ. ಸೀರಿ ಹಿಡಕೊಂಡು ನಿಂತಿವಿ. ಗಾಳಿಗಿ ಸೀರಿ ನಿಲ್ಲಲಿಲ್ಲ. ರಸ್ತಾದಾಗ ಟ್ರ್ಯಾಕ್ಟರ್ ಮ್ಯಾಲ ಹೊಂಟ ಗಂಡಸರು ಸೀಟಿ ಹೊಡದ್ರು.” ತಂಬಿಗೆ ಕೆಳಗಿಟ್ಟಳು. “ಅಕಿ ಅಳಲಿಲ್ಲ. ‘ಇರ್ಲಿ ಬಿಡಕ್ಕಾ, ನಿನ್ನ ತಪ್ಪೇನದ’ ಅಂದಳು.”

ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. ಅಪ್ಪ ಪಡಸಾಲೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ನಾನು ಹಿತ್ತಲಿಗೆ ಹೋಗಿ ಸುಮ್ಮನೆ ನಲ್ಲಿ ತಿರುವಿದೆ, ಮುಚ್ಚಿದೆ.

ಸುದ್ದಿಗೆ ಕಾಲು ಬಂದವು. ಹತ್ತೇ ದಿನದಲ್ಲಿ ಕಮಲಾಪುರದ ಕಡೆಯ ಇಬ್ಬರು ಹಮೀದನಿಗೆ ಕೊಟ್ಟ ಟ್ಯಾಂಕರಿನ ಕೆಲಸ ಬೇಡವೆಂದರಂತೆ. ‘ಅವನ ಬೆಸುಗೆ ನಿಲ್ಲುವುದಿಲ್ಲ’ ಎಂದು ಸಂತೆಯಲ್ಲಿ ಮಾತು. ಒಂದು ಭಾನುವಾರ ಹಮೀದ್ ನಮ್ಮ ಮನೆ ಬಾಗಿಲಿಗೆ ಬಂದ. ದುರಸ್ತಿಗೆ ಬಂದ ಗಾಡಿಮನೆಯಿಂದ ಬಿಚ್ಚಿದ ಕೊಂಡಿಯನ್ನು ಕೈಯಲ್ಲಿ ಹಿಡಿದಿದ್ದ.

“ಭಾಯಿಸಾಬ್, ನೀವೇ ಕಣ್ಣಿಂದ ನೋಡ್ರಿ. ಎಲ್ಲಿ ಬಿಟ್ಟದ ಬೆಸಿಗಿ? ಒಂದು ಕೂದಲಷ್ಟು ಸೀಳಿಲ್ಲ. ಚಾಚಾ ಅದಾರೇನು?”

ಅಪ್ಪ ಒಳಗೆ ಲಿಂಗಪೂಜೆಗೆ ಕೂತಿದ್ದರು. ಅಷ್ಟು ಉದ್ದದ ಪೂಜೆ ಅವರು ಎಂದೂ ಮಾಡಿದವರಲ್ಲ.

“ಅಪ್ಪ ಮನ್ಯಾಗಿಲ್ಲ,” ಎಂದೆ. ಅದೇ ಹೊತ್ತಿಗೆ ಒಳಗಿನಿಂದ ಗಂಟೆಯ ಸದ್ದು ಬಂತು.

ಹಮೀದ್ ನನ್ನ ಮುಖ ನೋಡಿದ. ಶೀಲಾ ಪಾರ್ಲರಿನಿಂದ ಹೊರಗೆ ಬಂದಳು. “ಏನಾತು ಹಮೀದಭಾಯಿ? ಕೊಂಡಿ ಚಲೋ ಇತ್ತಂದ್ರ ಮತ್ತೇನಾತು ಅವತ್ತು?”

ಚೀಟಿಯ ಮಾತು ಅವನ ನಾಲಗೆಯ ತುದಿಗೆ ಬಂದಿತ್ತು, ನನಗೆ ಕಂಡಿತು. ಒಂದು ಮಾತು ಸಾಕಿತ್ತು, ನಮ್ಮ ಮಾನ ಬೀದಿಗೆ ಬೀಳುತ್ತಿತ್ತು. ಸೊಸೆಯ ಎದುರು ಮಾವನನ್ನು ಇಳಿಸಬಾರದೆಂದು ಅವನಿಗೆ ಅನ್ನಿಸಿರಬೇಕು. “ಚಾಚಾಗ ಸಲಾಂ ಹೇಳ್ರಿ,” ಎಂದಷ್ಟೇ ಹೇಳಿ, ಕೊಂಡಿ ಎತ್ತಿಕೊಂಡು ಹೋದ. ನಾನು ಬಾಗಿಲು ಮುಂದಕ್ಕೆ ಮಾಡಿದೆ.

“ಒಳಗಿದ್ದೋರನ್ನ ಇಲ್ಲಂದ್ರಿ. ಯಾಕ?” ಎಂದಳು ಶೀಲಾ.

“ಪೂಜಿಗಿ ಕುಂತಿದ್ದರಲ್ಲ.”

“ಪೂಜಿಗಿ ಕುಂತೋರು ಮನ್ಯಾಗಿಲ್ಲ ಅಂತೇನು?”

ಅಂದಿನಿಂದ ಮನೆಯಲ್ಲಿ ಮಾತು ಕಡಿಮೆಯಾಯಿತು. ಅಪ್ಪ ಎರಡು ರೊಟ್ಟಿ ಉಣ್ಣುವವರು ಒಂದರಲ್ಲೇ ಏಳತೊಡಗಿದರು. “ಯಾಕ, ಪಲ್ಯಾ ಉಪ್ಪಾಗ್ಯಾದೇನು?” ಎಂದು ಅವ್ವ ಕೇಳಿದರೆ, “ಹೊಟ್ಟಿ ಸರಿ ಇಲ್ಲ” ಎನ್ನುವರು. ಅವ್ವ ನನ್ನ ಕಡೆ ನೋಡುವಳು. ನಾನು ಮಜ್ಜಿಗೆ ಬಟ್ಟಲು ಎತ್ತಿ ಮುಖಕ್ಕೆ ಹಿಡಿಯುತ್ತಿದ್ದೆ.

ಇನ್ನೊಂದು ವಾರಕ್ಕೆ ಚಂದ್ರಾಮಪ್ಪ ಬಂದರು. ಮೊಣಕಾಲಿಗೆ ಪಟ್ಟಿ, ಕೈಯಲ್ಲಿ ಕೋಲು. ಪಡಸಾಲೆಯ ಕುರ್ಚಿಯ ಮೇಲೆ ಕೂತು ಗೋಡೆಯ ಪದಕವನ್ನು ನೋಡಿದರು, ಆಮೇಲೆ ಅಪ್ಪನನ್ನು ನೋಡಿದರು.

“ಹಮೀದನ ಕೊಂಡಿ ಕಿತ್ತಿತು ಅಂತ ಕಮಲಾಪುರದ ತುಂಬ ಹೇಳಾಕತ್ತಾರ. ಖರೇ ಏನೋ ಮಲ್ಲಣ್ಣ?”

ಅಪ್ಪ ಹೆಗಲ ಮೇಲಿನ ಟವೆಲ್ ತೆಗೆದು ಮಡಚತೊಡಗಿದರು.

“ನನ್ನ ಗಾಡಿ ಬಾಳಿಗೊನಿ ಹೊರೋದು, ಮನಿ ಎಳಿಯಂಗಿಲ್ಲ ಅಂತ ನಾನ ನಿನಗ ಹೇಳಿದ್ದೆ. ಇಸಾರ ವಾಪಸ್ ಒಯ್ಯಿ ಅಂದಿದ್ದೆ. ಅಂದಿದ್ದೆನೋ ಇಲ್ಲೋ?”

“ಅಂದಿದ್ದಿ.”

“ಹಿಂದಕ ಕಮಲಾಪುರ ಬಸ್ ಸ್ಟ್ಯಾಂಡಿನಾಗ ಬಸ್ಸು ರಿವರ್ಸ್ ತಗೊಂಡು ಗ್ವಾಡಿಗಿ ಹೊಡದಿ. ನಾನು ನಿಲ್ಲು ಅಂತ ಸೀಟಿ ಹೊಡದಿದ್ದೆ, ನೀ ಕೇಳಲಿಲ್ಲ. ಆದ್ರ ತಪ್ಪು ಸೀಟಿ ಹೊಡದೆ ಅಂತ ನಾನ ಬರಕೊಟ್ಟೆ. ನನ್ನ ಒಂದು ಇಂಕ್ರಿಮೆಂಟ್ ಹೋತು, ನಿನ್ನ ಪದಕ ಉಳೀತು. ಅದರ ಋಣಾ ತೀರಿಸಾಕ ನನ್ನ ಗಾಡಿ ತಗೊಂಡಿ ಅಂತ ನನಗ ಗೊತ್ತದ. ಬ್ಯಾಡಾಗಿತ್ತು.” ಚಂದ್ರಾಮಪ್ಪ ಕೋಲು ಊರಿ ಎದ್ದರು. “ನಾನು ತಡಕೊಂಡೆ ಮಲ್ಲಣ್ಣ, ನನಗ ಸರ್ಕಾರಿ ನೌಕರಿ ಇತ್ತು. ಹಮೀದಗ ಅಂಗಡಿ ಒಂದ ಅದ.”

ಅವ್ವ ಚಹಾ ತಂದಾಗ ಅವರು ಬಾಗಿಲು ದಾಟಿಯಾಗಿತ್ತು. ಹೊಂದಿಸಿಟ್ಟ ಕಪ್ಪುಗಳನ್ನು ಅವ್ವ ಮತ್ತೆ ಒಳಗೆ ಒಯ್ದಳು. ನಡುವಿನ ಖೋಲಿಯ ಬಾಗಿಲಲ್ಲಿ ಶೀಲಾ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು.

ಮರುದಿನ ಹತ್ತು ಗಂಟೆಗೆ ಅಪ್ಪ ಇಸ್ತ್ರಿ ಅಂಗಿ ಹಾಕಿಕೊಂಡರು. “ಶೀಲಾ, ಅಂಗಡಿ ಬಾಗಿಲ ಹಾಕವ್ವ. ನೀನೂ ಬಾರೋ,” ಎಂದರು. ಮೂವರೂ ಆಟೋದಲ್ಲಿ ಮೋಮಿನಪುರಕ್ಕೆ ಹೋದೆವು. ಹಮೀದನ ಅಂಗಡಿಯ ಮುಂದೆ ಏಳೆಂಟು ಮಂದಿ ಇದ್ದರು. ಗೇಟು ಮಾಡಿಸಲು ಬಂದವರು, ಪಕ್ಕದ ಹೋಟೆಲಿನಲ್ಲಿ ಚಹಾ ಕುಡಿಯುವವರು. ಹಮೀದ್ ಕಪ್ಪು ಕನ್ನಡಕ ಮೇಲೆತ್ತಿ, “ಅರೆ ಚಾಚಾ, ಬರ್ರಿ, ಒಳಗ ಬರ್ರಿ” ಎಂದ.

“ಒಳಗ ಬ್ಯಾಡ. ಮಂದಿ ಮುಂದ ಹೇಳಿದ್ದು ಮಂದಿ ಮುಂದನ ನುಂಗಬೇಕು,” ಎಂದರು ಅಪ್ಪ. ಕವರಿನಿಂದ ಚೀಟಿ ತೆಗೆದರು. ಕನ್ನಡಕ ಏರಿಸಿ ಓದಿದರು. “ಖಾಲಿ ಸಾವಿರದ ನೂರು ಕಿಲೋ. ಟಾಕಿ ತುಂಬಿದರ ಎರಡು ಸಾವಿರ. ಎರಡೂವರಿ ಸಾವಿರ ಸಿಸಿ ಡೀಸೆಲ್. ಇದು ಹಮೀದ ಬರದುಕೊಟ್ಟದ್ದು. ನಾನು ಕಿಸೆದಾಗ ಇಟಗೊಂಡು ಸಣ್ಣ ಗಾಡಿ ತಂದೆ. ಕೊಂಡಿ ಚಲೋ ಇತ್ತು. ಬೆಸಿಗಿ ಚಲೋ ಇತ್ತು. ನೀರು ತುಂಬಿಸಿದ್ದು ನಮ್ಮ ಸೊಸಿ ತಪ್ಪಲ್ಲ. ನೀರಿಲ್ಲದ ಸಂಡಾಸ ಏನ್ ಸಂಡಾಸ? ತಪ್ಪು ನಂದು. ಸುಳ್ಳು ಹೇಳಿದ್ದೂ ನಾನು. ಒಬ್ಬರ ಮ್ಯಾಲ ನನ್ನ ತಪ್ಪು ಹಾಕಿದ್ದು ಇದು ಎರಡನೇ ಸಲ.” ಚೀಟಿ ಮಡಚಿದರು. ಆಮೇಲೆ, ನನ್ನ ಕಡೆಗೆ ನೋಡದೆ, ಹೇಳಿದರು: “ಮನ್ಯಾಗ ಯಾರಿಗೂ ಇದು ಗೊತ್ತಿದ್ದಿಲ್ಲ.”

ಚಹಾದ ಲೋಟ ಹಿಡಿದವರೆಲ್ಲ ನೋಡುತ್ತಿದ್ದರು. ಎಪ್ಪತ್ತರ ಹತ್ತಿರ ಬಂದ ಮನುಷ್ಯ, ಇಸ್ತ್ರಿ ಅಂಗಿ, ಕೈ ಜೋಡಿಸಿಕೊಂಡು ನಡುರಸ್ತೆಯಲ್ಲಿ. ಹಮೀದ್ ಓಡಿ ಬಂದು ಆ ಕೈಗಳನ್ನು ಹಿಡಿದುಕೊಂಡ. “ಬಸ್ ಚಾಚಾ, ಬಸ್. ಹೋಗ್ಲಿ ಬಿಡ್ರಿ.” ಆದರೆ ಅವನ ಕಣ್ಣಲ್ಲೂ ನೀರಿತ್ತು, ಸಿಟ್ಟೂ ಇತ್ತು. “ಕಮಲಾಪುರದಾಗೂ ಇದನ್ನ ಹೇಳಬೇಕ್ರಿ,” ಎಂದ. “ಹೇಳ್ತೀನಿ,” ಎಂದರು ಅಪ್ಪ.

ಆಟೋದಲ್ಲಿ ಬರುವಾಗ ಶೀಲಾ ನನ್ನ ಕೈ ತಟ್ಟಿದಳು. “ನಿಮಗೂ ಹೇಳಿದ್ದಿಲ್ಲ ನೋಡ್ರಿ. ಪಾಪ, ಮಾವ ಒಬ್ಬರ ಎಷ್ಟು ನುಂಗಿಕೊಂಡಿದ್ದರು.”

ಅಪ್ಪ ಹೊರಗೆ ನೋಡುತ್ತಿದ್ದರು. ನನ್ನನ್ನು ಉಳಿಸಿದ್ದರು. ಸುಮ್ಮನಿದ್ದಿದ್ದರೆ ನಾನು ಜೀವಮಾನವಿಡೀ ಒಳ್ಳೆಯ ಮಗ, ಒಳ್ಳೆಯ ಗಂಡ. ಶೀಲಾಳ ಕೈ ಇನ್ನೂ ನನ್ನ ಕೈ ಮೇಲಿತ್ತು, ಅದನ್ನು ನನಗೆ ತಡೆಯಲಾಗಲಿಲ್ಲ.

ಮಧ್ಯಾಹ್ನ ಅವ್ವ ಪಕ್ಕದ ಮನೆಗೆ ಹೋಗಿದ್ದಳು. ಶೀಲಾ ರೊಟ್ಟಿ ಬಡಿಯುತ್ತಿದ್ದಳು. ನಾನು ತಾಟಿನ ಮುಂದೆ ಕೂತು ಹೇಳಿದೆ:

“ನನಗ ಗೊತ್ತಿತ್ತು.”

ಅವಳ ಕೈ ನಿಂತಿತು. “ಏನು?”

“ಚೀಟಿ. ನನ್ನ ಮುಂದನ ಕೊಟ್ಟದ್ದು.”

“ಟಾಕಿಗಿ ಪೈಪ್ ಹಿಡದಾಗ?”

“ಗೊತ್ತಿತ್ತು.”

“ನಾ ಸಂಜಿಗಿ ಬಂದು ಇಲ್ಲೇ ಹೊಸ್ತಿಲ ಮ್ಯಾಲ ಕುಂತು ರೇವತಿ ಸುದ್ದಿ ಹೇಳಿದಾಗ?”

“ಗೊತ್ತಿತ್ತು, ಶೀಲಾ.”

ಹಂಚಿನ ಮೇಲಿನ ರೊಟ್ಟಿ ಹೊಗೆಯಾಡಿತು. ಅವಳು ಅದನ್ನು ತಿರುವಲಿಲ್ಲ. ಪೂರ್ತಿ ಕಪ್ಪಾದ ಮೇಲೆ ತೆಗೆದು ನನ್ನ ತಾಟಿಗೆ ಹಾಕಿದಳು. ನಾನು ತಿಂದೆ. ಅಂದಿನಿಂದ ನನಗೆ ಬಡಿಸುತ್ತಿದ್ದಳು, ನನ್ನ ಜೊತೆ ಕೂತು ಉಣ್ಣುತ್ತಿರಲಿಲ್ಲ.

ಈ ಸಲ ಗಾಡಿ ಆರಿಸಿದ್ದು ಶೀಲಾ. ಸಣ್ಣ ಪಿಕಪ್ ಕೊಟ್ಟು, ತನ್ನ ಬಂಗಾರದ ಪಾಟಲಿ ಬಳೆ ಮಾರಿ, ಎರಡೂವರೆ ಸಾವಿರ ಸಿಸಿಯ ಡೀಸೆಲ್ ಪಿಕಪ್ ನೋಡಿದಳು. ತೆಗೆದುಕೊಳ್ಳುವ ಮೊದಲು ಹಮೀದನ ಜೊತೆ ಗಾಡಿಮನೆಯ ಹೊಸ ಟಾಕಿಯನ್ನು ತುಳುಕುವಷ್ಟು ತುಂಬಿಸಿ, ಅದೇ ಏರಿನ ಮೇಲೆ ಎಳೆಸಿ, ನಡುವೆ ನಿಲ್ಲಿಸಿ, ಮತ್ತೆ ಎಬ್ಬಿಸಿ ನೋಡಿದಳು. ಅವಳೇ ಓಡಿಸಿದಳು, ಮದುವೆಗೆ ಮೊದಲೇ ಲೈಸೆನ್ಸ್ ತೆಗೆದವಳು, ನಮ್ಮ ಮನೆಯಲ್ಲಿ ಯಾರೂ ಕೇಳಿರಲಿಲ್ಲ ಅಷ್ಟೆ. ಹಿಂದೆ ಡಬ್ಬಿ ಕಟ್ಟಿಕೊಂಡು ರಿವರ್ಸ್ ತೆಗೆಯುವುದನ್ನು ಒಂದು ತಿಂಗಳು ಖಾಲಿ ಮೈದಾನದಲ್ಲಿ ಕಲಿತಳು. ಸ್ಟಿಯರಿಂಗ್ ಎಡಕ್ಕೆ ತಿರುಗಿಸಿದರೆ ಡಬ್ಬಿಯ ಬಾಲ ಬಲಕ್ಕೆ ಹೋಗುತ್ತದೆ. ಅಪ್ಪ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು. ಒಂದು ದಿನ ತಾವಾಗಿ ಹೇಳಿದರು: “ಇದು ನನಗೂ ಬರಂಗಿಲ್ಲವ್ವಾ. ಬರ್ತದ ಅಂತ ಅಂದಿದ್ದೆ.”

“ಹಂಗಾದ್ರ ಹಿಂದ ನಿಂತು ಸೀಟಿ ಹೊಡೀರಿ ಮಾವಾ. ನೀವು ನಿಲ್ಲು ಅಂದಲ್ಲಿ ನಾ ನಿಲ್ತೀನಿ.”

ಅಪ್ಪ ಚಂದ್ರಾಮಪ್ಪನ ಮನೆಗೆ ಹೋಗಿ ಅವರ ಹಳೆಯ ಹಿತ್ತಾಳೆ ಸೀಟಿ ಕೇಳಿ ತಂದರು. ಪದಕವನ್ನು ಗೋಡೆಯಿಂದ ಇಳಿಸಿ ಅವರಿಗೆ ಕೊಟ್ಟು ಬಂದರಂತೆ. ಗೋಡೆಯ ಮೇಲೆ ಮೊಳೆ ಮಾತ್ರ ಉಳಿಯಿತು.

ಅಮರನಾಥರ ಮನೆಯಲ್ಲಿ ರೇವತಿಯ ಮಗುವನ್ನು ತೊಟ್ಟಿಲಿಗೆ ಹಾಕುವ ಕಾರ್ಯ. ಶೀಲಾ ತಾನೇ ಫೋನ್ ಮಾಡಿ, “ಗಾಡಿ ತರ್ತೀನಿ, ಬಾಡಿಗಿ ಬ್ಯಾಡ” ಎಂದಳು. ಗುದ್ದಾಡಿ ಒಪ್ಪಿಸಿದಳು. ಏರಿನಲ್ಲಿ ಪಿಕಪ್ ಎರಡನೇ ಗೇರಿನಲ್ಲಿ ಗೊಣಗದೆ ಹತ್ತಿತು. ತೋಟದ ಬಯಲಿನಲ್ಲಿ ಅವಳು ಕನ್ನಡಿ ನೋಡುತ್ತ ಹಿಂದಕ್ಕೆ ಬಂದಳು. ಅಪ್ಪ ಬಿಸಿಲಲ್ಲಿ ನಿಂತು, ಎದೆ ಉಬ್ಬಿಸಿ, ಸೀಟಿ ಹೊಡೆದರು. ಮಂದಿ ನಕ್ಕರು. ಅಪ್ಪ ನಿಲ್ಲಿಸಲಿಲ್ಲ. ಆಮೇಲೆ ಅಮರನಾಥರ ಹತ್ತಿರ ಹೋಗಿ, ಪಂಕ್ತಿಯಲ್ಲಿ ಕೂತ ಬೀಗರೆಲ್ಲ ಕೇಳುವಂತೆ, ತಪ್ಪು ಹಮೀದನದಲ್ಲ, ತಮ್ಮದು ಎಂದು ಹೇಳಿದರು. ಅಮರನಾಥರು ಖಾಲಿ ಎಲೆಯೊಂದನ್ನು ತೋರಿಸಿ, “ಕುಂದರ್ರಿ, ಉಣ್ರಿ” ಎಂದರಷ್ಟೆ.

ನನಗೆ ಶೀಲಾ ಕೊಟ್ಟ ಕೆಲಸ ನೆಲದಡಿಯ ಟಾಕಿ ಖಾಲಿ ಮಾಡಿ ತೊಳೆಯುವುದು. ರಬ್ಬರ್ ಕೈಗವಸು ಹಾಕಿಕೊಂಡು, ಪ್ಯಾಂಟು ಮೊಣಕಾಲಿಗೆ ಮಡಚಿ ಗಾಡಿಯ ಹಿಂದೆ ಕೂತಿದ್ದೆ. ಅದೇ ಹೊತ್ತಿಗೆ ನಮ್ಮ ಕಾಲೇಜಿನ ಇತಿಹಾಸದ ಲೆಕ್ಚರರ್ ಎದುರಿಗೆ ಬಂದು ನಿಲ್ಲಬೇಕೆ!

“ಅಯ್ಯೋ, ವಿವೇಕಾನಂದ! ನೀವಿಲ್ಲೇನು ಮಾಡ್ಲಿಕ್ಕತ್ತೀರಿ?”

“ನಮ್ಮ ಮನಿಯವರ ಗಾಡಿ ಸರ್. ಸಂಡಾಸ ನಾನು ತೊಳೀತೀನಿ.”

ಹೇಳಿದ ಮೇಲೆ ಅದು ಅಂಥ ದೊಡ್ಡ ಮಾತೇನಲ್ಲ ಎನ್ನಿಸಿತು. ಅವರು ಗಡಬಡಿಸಿ ಹೋದರು.

ಆಗ ಗಾಡಿಮನೆಯ ಮೆಟ್ಟಿಲಿಳಿದು ರೇವತಿ ಬಂದಳು. ಕಂಕುಳಲ್ಲಿ ಕೂಸು, ಮುಖ ತೊಳೆದು ಹೊಸ ಕುಂಕುಮ ಇಟ್ಟಿದ್ದಳು. ಹಿಂದೆ ಶೀಲಾ. ರೇವತಿ ನನ್ನನ್ನು ನೋಡಿ ಕಕ್ಕುಲಾತಿಯಿಂದ ಹೇಳಿದಳು:

“ಭಾಳ ಚಲೋ ಅದ ಅಣ್ಣಾ ನಿಮ್ಮ ಗಾಡಿ. ಅವತ್ತೂ ಬಂದಿದ್ರ…” ಎಂದು ಅಲ್ಲಿಗೇ ನಿಲ್ಲಿಸಿದಳು. “ಇರ್ಲಿ. ಕೊಂಡಿ ಮುರದ್ರ ನೀವರ ಏನ್ ಮಾಡ್ತೀರಿ?”

ಅವಳಿಗಿನ್ನೂ ಯಾರೂ ಹೇಳಿರಲಿಲ್ಲ. ನಾನು ಶೀಲಾಳ ಕಡೆ ನೋಡಿದೆ. ಇಷ್ಟು ವರ್ಷ ನನ್ನ ಪರವಾಗಿ ಮಾತಾಡಲು ಮನೆಯಲ್ಲಿ ಯಾರಾದರೂ ಇರುತ್ತಿದ್ದರು. ಅಪ್ಪ, ಅವ್ವ, ಇಲ್ಲವೆ ಇವಳು. ಶೀಲಾ ಕೂಸನ್ನು ತನ್ನ ಕೈಗೆ ಎತ್ತಿಕೊಂಡು ಹೇಳಿದಳು:

“ಕೊಂಡಿ ಮುರದಿದ್ದಿಲ್ಲ ರೇವತಿ. ಗಾಡಿ ಯಾಕ ಬರಲಿಲ್ಲ ಅಂತ ಅವರನ್ನ ಕೇಳು.”

ರೇವತಿ ನನ್ನನ್ನೇ ನೋಡುತ್ತ ನಿಂತಳು. ನಾನು ಕೈಗವಸು ಕಳಚಿದೆ. ಕೈ ಒರೆಸಿಕೊಂಡೆ. ಅವಳ ಮುಖ ನೋಡಲಾಗದೆ ಕೂಸಿನ ಪಾದ ನೋಡಿದೆ. ಆಮೇಲೆ, ಪಾದಕ್ಕೆ ಹೇಳಿ ತಪ್ಪಿಸಿಕೊಳ್ಳುವುದು ಬೇಡವೆಂದು ತಲೆಯೆತ್ತಿದೆ.

“ಟಾಕಿಗಿ ನೀರು ತುಂಬಿದವನು ನಾನವ್ವ ತಂಗಿ,” ಎಂದೆ. “ಆ ಗಾಡಿ ಏರು ಹತ್ತಂಗಿಲ್ಲ ಅಂತ ನನಗ ಗೊತ್ತಿತ್ತು.”